ಶ್ರೀರಂಗಪಟ್ಟಣದ ಕ್ರೈಸ್ತಸಭೆಯೂ ಅಬ್ಬೆ ದ್ಯುಬುವಾ ಪಾದ್ರಿಗಳೂ

ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿಗಳ ಹೆಸರನ್ನು ಕೇಳದ ವಿದ್ವಾಂಸರು ನಮ್ಮಲ್ಲಿ ವಿರಳ. ಇವರ ಹೆಸರನ್ನು ದುಬಾಯ್ ಎಂದು ಬರೆಯುವುದೂ ಉಂಟು. ಹಿಂದೂ ಜನರ ಆಚಾರ ವ್ಯವಹಾರಗಳನ್ನು ಕುರಿತು ಇವರ ಹೆಸರಿನಲ್ಲಿ ಪ್ರಸಿದ್ಧವಾದ ದೊಡ್ಡ ಗ್ರಂಥವನ್ನು ಹೊಗಳಿದವರೂ ಇದ್ದಾರೆ, ತೆಗಳಿದವರೂ ಇದ್ದಾರೆ. ಆದರೆ ಅವರು ಮೈಸೂರು ಸೀಮೆಗೆ ಬಂದುದು ಗ್ರಂಥವನ್ನು ಬರೆಯುವುದಕ್ಕಾಗಿ ಅಲ್ಲ. ಚೆದರಿಹೋಗಿದ್ದ ಒಂದು ಕ್ರೈಸ್ತಸಭೆಯ ಪಾಲನೆಯನ್ನು ವಹಿಸಿಕೊಳ್ಳುವುದಕ್ಕಾಗಿ. ಗ್ರಂಥಕರ್ತರ ಕೀರ್ತಿಯ ಮರೆಯಲ್ಲಿ ಸಭಾಪಾಲಕರ ಕೆಲಸವು ಅಡಗಿಹೋಗಿದೆ. ೧೭೯೯ನೆಯ ಇಸವಿಯಲ್ಲಿ ಆ ಕೆಲಸವು ಯಾವ ಸ್ಥಿತಿಯಲ್ಲಿ ಮೊದಲಾಯಿತು, ಅವರಿಗೆ ಎದುರಾದ ಪ್ರಶ್ನೆಗಳು ಯಾವುವು, ಅವರು ತಮ್ಮ ಕೆಲಸವನ್ನು ಕುರಿತು ತಾವೇ ಕೊಟ್ಟ ತೀರ್ಪನ್ನು ನಾವು ಒಪ್ಪಬಹುದೇ ಎಂಬ ವಿಷಯಗಳನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶವಾಗಿದೆ.

೧

ಕೆಥೋಲಿಕ್ ಸಭೆಯಲ್ಲಿ ಒಬ್ಬ ಪಾದ್ರಿಯು ಹೊಸದಾಗಿ ಒಂದು ವಿಚಾರಣೆಯನ್ನು ವಹಿಸಿಕೊಳ್ಳುವುದೆಂದರೆ ಏನು ಎಂಬುದನ್ನು ಮೊದಲು ತಿಳಿಯಬೇಕು. ೧೫೬೩ರಲ್ಲಿ ಟ್ರೆಂಟ್ ನಗರದ ಮಹಾಸಭೆಯು ವಿಧಿಸಿದ ನಿಯಮಗಳಂತೆ, ಆತ್ಮಪಾಲನೆಯ ಹೊಣೆಯುಳ್ಳವನು ತನ್ನ ಜನರ ನಡುವೆಯೇ ವಾಸಮಾಡಬೇಕು, ತನ್ನ ಮಂದೆಯನ್ನು ತಾನು ಗುರುತಿಸಬೇಕು, ಅವರಿಗಾಗಿ ಪೂಜೆಯನ್ನು ಅರ್ಪಿಸಬೇಕು, ಬೋಧಿಸಬೇಕು, ಮದುವೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ೧೯೮೩ರ ಧರ್ಮಸಂಹಿತೆಯೂ ಇದೇ ಮಾತನ್ನು ವಿಸ್ತರಿಸಿ ಹೇಳುತ್ತದೆ. ವಿಚಾರಣಾಗುರುವು ವಿಧಿಪೂರ್ವಕವಾಗಿ ಅಧಿಕಾರವನ್ನು ಸ್ವೀಕರಿಸಿದ ಕ್ಷಣದಿಂದ ಹೊಣೆಗಾರನಾಗುತ್ತಾನೆ. ಮನೆಮನೆಗೂ ಹೋಗಿ ಜನರ ಕಷ್ಟಸುಖಗಳನ್ನು ಅರಿಯುವುದೂ, ರೋಗಿಗಳನ್ನೂ ದರಿದ್ರರನ್ನೂ ವಿಶೇಷವಾಗಿ ನೋಡಿಕೊಳ್ಳುವುದೂ, ಜ್ಞಾನಸ್ನಾನ ವಿವಾಹ ಮರಣಗಳ ಪುಸ್ತಕಗಳನ್ನು ಕಾಪಾಡುವುದೂ ಅವನ ಕರ್ತವ್ಯಗಳು.

ಹದಿನೆಂಟನೆಯ ಶತಮಾನದ ಮೈಸೂರು ಸೀಮೆಯಲ್ಲಿ ಶಾಸ್ತ್ರೋಕ್ತವಾದ ಅರ್ಥದಲ್ಲಿ ವಿಚಾರಣೆಗಳು ಇರಲಿಲ್ಲ. ಅಲ್ಲಿದ್ದುದು ಮಿಷನ್, ಒಬ್ಬ ಪಾದ್ರಿಯ ಪಾಲಿಗೆ ಎಷ್ಟೋ ಹರದಾರಿಗಳ ಹರವಿನಲ್ಲಿ ಚೆದರಿದ ಹಳ್ಳಿಗಳು. ಆದರೂ ಕೆಲಸದ ತಿರುಳು ಒಂದೇ: ಜನರನ್ನು ಅರಿಯುವುದು, ಅವರ ನಡುವೆ ಇರುವುದು. ದ್ಯುಬುವಾ ಅವರ ವಿಷಯದಲ್ಲಿ ವಿಶೇಷವೇನೆಂದರೆ, ಬೇರೆ ಪಾದ್ರಿಗಳಿಗೆ ಸುಲಭವಾಗಿ ಕಾಣುವ ಮೊದಲನೆಯ ಪ್ರಶ್ನೆಯೇ, ಎಂದರೆ "ನನ್ನ ಜನರು ಯಾರು?" ಎಂಬುದೇ, ಅವರಿಗೆ ಅತ್ಯಂತ ಕಠಿನವಾದುದಾಯಿತು.

೨

ಮೈಸೂರು ಮಿಷನ್ನು ಹದಿನೇಳನೆಯ ಶತಮಾನದ ನಡುಗಾಲದಲ್ಲಿ ಜೆಸೂಯಿಟ್ ಪಾದ್ರಿಗಳಿಂದ ಸ್ಥಾಪಿತವಾಯಿತು. ಶ್ರೀರಂಗಪಟ್ಟಣದಲ್ಲಿ ನೆಲೆಸಿದ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಪಾದ್ರಿಯು ಕನ್ನಡವನ್ನು ಕಲಿತು ವ್ಯಾಕರಣವನ್ನು ಬರೆದನೆಂಬುದು ಭಾಷಾಚರಿತ್ರೆಯನ್ನು ಬಲ್ಲವರಿಗೆ ತಿಳಿದ ಸಂಗತಿಯೇ. ೧೭೫೯ರಲ್ಲಿ ಪೋರ್ತುಗಲ್ ದೊರೆತನವು ತನ್ನ ಸೀಮೆಗಳಿಂದ ಜೆಸೂಯಿಟರನ್ನು ಹೊರಡಿಸಿತು. ೧೭೭೩ರಲ್ಲಿ ಪೋಪರು ಆ ಸಂಘವನ್ನೇ ರದ್ದುಮಾಡಿದರು. ಆ ಬಳಿಕ ಪುದುಚೇರಿಯ ಮಿಷನ್ನು ಪ್ಯಾರಿಸಿನ ವಿದೇಶೀ ಮಿಷನ್ ಸಂಘದ ವಶಕ್ಕೆ ಬಂದಿತು. ಮೈಸೂರು ಮಿಷನ್ನೂ ಅದರೊಡನೆ ಸೇರಿತು. ಕರಾವಳಿಯ ಕನ್ನಡ ಜಿಲ್ಲೆಯ ಕ್ರೈಸ್ತರಾದರೋ ಗೋವೆಯ ಮೇತ್ರಾಣಿಗಳ ಅಧಿಕಾರಕ್ಕೆ ಒಳಪಟ್ಟವರಾಗಿದ್ದರು. ಈ ಎರಡು ಜನವರ್ಗಗಳನ್ನು ಒಂದೆಡೆಗೆ ತಂದುದು ಧರ್ಮವಲ್ಲ, ಯುದ್ಧ.

ಎರಡನೆಯ ಮೈಸೂರು ಯುದ್ಧದ ಕೊನೆಯಲ್ಲಿ, ೧೭೮೪ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ, ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ಸಹಾಯಮಾಡಿದರೆಂಬ ಆರೋಪದ ಮೇಲೆ ಟೀಪೂ ಸುಲ್ತಾನನು ಅವರನ್ನು ಹಿಡಿಸಿ ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಸೆರೆಯಾದವರ ಸಂಖ್ಯೆಯನ್ನು ಕುರಿತು ಗ್ರಂಥಕರ್ತರಲ್ಲಿ ಐಕಮತ್ಯವಿಲ್ಲ: ಮೂವತ್ತು ಸಾವಿರದಿಂದ ಎಂಬತ್ತು ಸಾವಿರದ ವರೆಗೆ ಲೆಕ್ಕಗಳುಂಟು; ದ್ಯುಬುವಾ ಅವರು ಅರುವತ್ತು ಸಾವಿರವೆಂದಿದ್ದಾರೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹು ಜನರು ಮಡಿದರು. ಉಳಿದವರಲ್ಲಿ ಅನೇಕರಿಗೆ ಬಲಾತ್ಕಾರದಿಂದ ಸುನ್ನತಿಯಾಯಿತು. ಅವರಿಗೆ ಮುಸಲ್ಮಾನರ ಹೆಸರುಗಳು ಬಂದುವು. ಯೌವನಸ್ಥರು ಸೈನ್ಯದ ದಳಗಳಿಗೆ ಸೇರಿಸಲ್ಪಟ್ಟರು. ಇದನ್ನು ಕೇವಲ ಮತದ್ವೇಷದಿಂದ ನಡೆದುದೆಂದು ಹೇಳುವುದು ಸಾಲದು. ಫ್ರೆಂಚ್ ಕ್ರೈಸ್ತ ಸಿಪಾಯಿಗಳು ಅದೇ ಸುಲ್ತಾನನ ಸೇವೆಯಲ್ಲಿದ್ದರೆಂಬುದನ್ನು ಮರೆಯಲಾಗದು. ರಾಜ್ಯದ ಅಪನಂಬಿಕೆಯೂ ಮತದ ದಂಡನೆಯೂ ಇಲ್ಲಿ ಒಂದರೊಡನೊಂದು ಹೆಣೆದುಕೊಂಡಿದ್ದುವು. ಆದರೆ ಸೆರೆಯಾದವರ ಪಾಲಿಗೆ ಕಾರಣವು ಏನಾಗಿದ್ದರೂ ಫಲವು ಒಂದೇ ಆಯಿತು. ಹದಿನೈದು ವರ್ಷಗಳ ಕಾಲ ಅವರು ಪಾದ್ರಿಯಿಲ್ಲದೆ, ಪೂಜೆಯಿಲ್ಲದೆ, ಹೊರಗೆ ಒಂದು ಹೆಸರೂ ಮನಸ್ಸಿನಲ್ಲಿ ಮತ್ತೊಂದು ಹೆಸರೂ ಉಳ್ಳವರಾಗಿ ಬಾಳಿದರು.

೩

ಝಾಂ ಆಂತ್ವಾನ್ ದ್ಯುಬುವಾ ಅವರು ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಆರ್ದೆಷ್ ಸೀಮೆಯ ಸಾಂ ರೆಮೆಜ್ ಎಂಬ ಊರಿನಲ್ಲಿ ಹುಟ್ಟಿದರು. ೧೭೯೨ರಲ್ಲಿ ಗುರುಪಟ್ಟವನ್ನು ಪಡೆದು, ಅದೇ ವರ್ಷ ಹಿಂದೂದೇಶಕ್ಕೆ ಹಡಗು ಹತ್ತಿದರು. ಆ ವರ್ಷವೇ ಪ್ಯಾರಿಸಿನ ಸೆರೆಮನೆಗಳಲ್ಲಿ ರಾಜ್ಯಕ್ರಾಂತಿಯ ಗುಂಪುಗಳು ನೂರಾರು ಪಾದ್ರಿಗಳನ್ನು ಕೊಂದುವು. ಪುದುಚೇರಿಗೆ ಬಂದ ದ್ಯುಬುವಾ ಅವರು ಕೆಲವು ವರ್ಷ ತಮಿಳು ಸೀಮೆಗಳಲ್ಲಿ ಕೆಲಸಮಾಡಿ ದೇಶಭಾಷೆಗಳನ್ನು ಅಭ್ಯಾಸಮಾಡಿದರು.

೧೭೯೯ನೆಯ ಇಸವಿ ಮೇ ೪ನೆಯ ತಾರೀಖು ಶ್ರೀರಂಗಪಟ್ಟಣವು ಬಿದ್ದಿತು. ಟೀಪೂ ಸುಲ್ತಾನನು ಕಾದಾಡುತ್ತ ಮಡಿದನು. ಅಲ್ಲಿನ ಸೈನ್ಯಾಧಿಕಾರಿಯಾಗಿದ್ದ, ಮುಂದೆ ವೆಲಿಂಗ್ಟನ್ ಡ್ಯೂಕನೆಂದು ಪ್ರಸಿದ್ಧನಾದ, ಆರ್ಥರ್ ವೆಲ್ಲೆಸ್ಲಿಯ ಪ್ರೋತ್ಸಾಹದಿಂದ ದ್ಯುಬುವಾ ಅವರು ಅಲ್ಲಿಗೆ ಕರೆಯಿಸಲ್ಪಟ್ಟರೆಂದು ತಿಳಿಯಬರುತ್ತದೆ. ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಫ್ರೆಂಚ್ ಗಣರಾಜ್ಯಕ್ಕೂ ಇಂಗ್ಲಿಷರಿಗೂ ಆಗ ಘೋರವಾದ ಯುದ್ಧವು ನಡೆಯುತ್ತಿದ್ದಿತು. ಸುಲ್ತಾನನು ಆ ಗಣರಾಜ್ಯದ ಸ್ನೇಹವನ್ನು ಬಯಸಿದ್ದವನು. ಹೀಗಿರಲು, ಗಣರಾಜ್ಯದಲ್ಲಿ ತಮಗೆ ನೆಲೆಯಿಲ್ಲದ ಫ್ರೆಂಚ್ ಪಾದ್ರಿಯೊಬ್ಬರು ಇಂಗ್ಲಿಷ್ ಸೇನಾನಿಯ ರಕ್ಷಣೆಯಲ್ಲಿ, ಗೋವೆಯ ಅಧಿಕಾರಕ್ಕೆ ಸೇರಿದ ಕೊಂಕಣಿ ಮಾತಾಡುವ ಜನರನ್ನು, ಕನ್ನಡ ಸೀಮೆಯ ರಾಜಧಾನಿಯಲ್ಲಿ ವಿಚಾರಿಸಿಕೊಳ್ಳಬೇಕಾಯಿತು. ಆಗ ಅವರಿಗೆ ಮೂವತ್ತೈದು ವರ್ಷ ತುಂಬಿರಲಿಲ್ಲ.

೪

ಇಂಥಾ ಸ್ಥಿತಿಯಲ್ಲಿ ಹೊಸ ಪಾದ್ರಿಗೆ ಎದುರಾಗುವ ಪ್ರಶ್ನೆಗಳನ್ನು ಊಹಿಸುವುದು ಕಷ್ಟವಲ್ಲ. ಸೆರೆಯಲ್ಲಿ ಹುಟ್ಟಿದ ಮಕ್ಕಳಿಗೆ ಜ್ಞಾನಸ್ನಾನವಾಗಿದೆಯೇ? ತಾಯಿಯೋ ಮುದುಕಿಯೋ ಗುಟ್ಟಾಗಿ ನೀರೆರೆದಿದ್ದರೆ ಅದು ಸಿಂಧುವೇ? ಸಂದೇಹವಿದ್ದಲ್ಲಿ ಷರತ್ತಿನ ಮೇಲೆ ಜ್ಞಾನಸ್ನಾನ ಕೊಡುವ ಕ್ರಮವು ಸಭೆಯಲ್ಲುಂಟು. ಆದರೆ ಸಂದೇಹವನ್ನು ತೀರ್ಮಾನಿಸುವುದಕ್ಕೆ ಪುಸ್ತಕವೇ ಇಲ್ಲದಿದ್ದರೆ ಪ್ರತಿಯೊಂದು ಮನೆಯ ನೆನಪನ್ನೇ ಪುಸ್ತಕವನ್ನಾಗಿ ಓದಬೇಕಾಗುತ್ತದೆ. ಪಾದ್ರಿಯಿಲ್ಲದೆ ಆದ ಮದುವೆಗಳ ಗತಿಯೇನು? ಬಲಾತ್ಕಾರದಿಂದ ಅನ್ಯಮತದವರಿಗೆ ಮದುವೆಯಾದ ಹೆಣ್ಣುಮಕ್ಕಳ ಗತಿಯೇನು? ಇವೆಲ್ಲಕ್ಕಿಂತಲೂ ದೊಡ್ಡ ಪ್ರಶ್ನೆಯು ಮತ್ತೊಂದು: ಬಾಯಿಂದ ತಮ್ಮ ಮತವನ್ನು ಬಿಟ್ಟವರು ಹಿಂದಿರುಗಿ ಬಂದಾಗ, ಅವರನ್ನು ಸೇರಿಸಿಕೊಳ್ಳಬಹುದೇ? ಸೇರಿಸಿಕೊಂಡರೆ ಯಾವ ಪ್ರಾಯಶ್ಚಿತ್ತದ ಮೇಲೆ?

ಈ ಪ್ರಶ್ನೆಯು ಕ್ರೈಸ್ತಸಭೆಗೆ ಹೊಸದಲ್ಲ. ಕ್ರಿ. ಶ. ೨೫೦ರಲ್ಲಿ ರೋಮ್ ಚಕ್ರವರ್ತಿ ಡೇಸಿಯನು ಸಮಸ್ತ ಪ್ರಜೆಗಳೂ ದೇವತೆಗಳಿಗೆ ಬಲಿಯನ್ನು ಅರ್ಪಿಸಿ ಪ್ರಮಾಣಪತ್ರವನ್ನು ಪಡೆಯಬೇಕೆಂದು ಆಜ್ಞಾಪಿಸಿದನು. ಕೆಲವರು ಪ್ರಾಣವನ್ನು ಕೊಟ್ಟರು. ಬಹುಮಂದಿ ಬಲಿಯನ್ನು ಕೊಟ್ಟರು. ಕೆಲವರು ಬಲಿಯನ್ನು ಕೊಡದೆ ಹಣವನ್ನು ಕೊಟ್ಟು ಪತ್ರವನ್ನು ಮಾತ್ರ ಪಡೆದರು. ಹಿಂಸೆಯು ನಿಂತ ಮೇಲೆ ಇವರೆಲ್ಲರೂ ಹಿಂದಿರುಗಿ ಬಂದರು. ರೋಮಿನ ನೊವಾಷಿಯಾನನು ಇವರಿಗೆ ಬಾಗಿಲು ತೆರೆಯಲೇ ಕೂಡದೆಂದನು. ಕಾರ್ಥೇಜಿನ ಮೇತ್ರಾಣಿಯಾದ ಸಿಪ್ರಿಯಾನನು ನಡುದಾರಿಯನ್ನು ಹಿಡಿದನು: ೨೫೧ರ ಸಭೆಯಲ್ಲಿ, ಪತ್ರವನ್ನು ಮಾತ್ರ ಪಡೆದವರನ್ನು ಪ್ರಾಯಶ್ಚಿತ್ತದ ಬಳಿಕ ಸೇರಿಸಿಕೊಳ್ಳಬಹುದೆಂದೂ, ಬಲಿ ಕೊಟ್ಟವರಿಗೆ ಮರಣಕಾಲದಲ್ಲಿ ಕ್ಷಮೆಯೆಂದೂ ಗೊತ್ತಾಯಿತು. ಮತ್ತೊಂದು ಹಿಂಸೆಯು ಸಮೀಪಿಸಿದಾಗ, ಪಶ್ಚಾತ್ತಾಪಪಟ್ಟವರೆಲ್ಲರನ್ನೂ ಒಳಗೆ ಕರೆದುಕೊಳ್ಳುವುದೇ ಲೇಸೆಂದು ಅವನು ತೀರ್ಮಾನಿಸಿದನು. ಇಷ್ಟನ್ನೂ ಹೇಳಲು ಸಿಪ್ರಿಯಾನನಿಗೆ ಒಂದು ಸಂಕೋಚವಿದ್ದಿತು. ಮೊದಲನೆಯ ಹಿಂಸೆಯಲ್ಲಿ ಅವನೇ ಅಡಗಿಕೊಂಡು ಪ್ರಾಣವನ್ನು ಉಳಿಸಿಕೊಂಡಿದ್ದನು. ೨೫೮ರಲ್ಲಿ ಅವನು ಶಿರಚ್ಛೇದವನ್ನು ಹೊಂದಿ ಆ ಋಣವನ್ನು ತೀರಿಸಿದನು.

ಶ್ರೀರಂಗಪಟ್ಟಣದಲ್ಲಿ ದ್ಯುಬುವಾ ಅವರು ಹಿಡಿದ ದಾರಿಯೂ ಬಾಗಿಲು ತೆರೆಯುವ ದಾರಿಯೇ. ೧೮೨೩ರಲ್ಲಿ ಲಂಡನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಅವರು ಈ ಸಂಗತಿಯನ್ನು ಹೇಳಿದ್ದಾರೆ: ಸುಲ್ತಾನನು ಅಳಿದ ಬಳಿಕ ಈ ಜನರಲ್ಲಿ ಬಹುತೇಕರು ಹಿಂದಿರುಗಿ, ತಾವು ಹೊರಗೆ ಮಾತ್ರ ಮತವನ್ನು ಬಿಟ್ಟೆವು, ಹೃದಯದಲ್ಲಿ ಬಿಟ್ಟಿರಲಿಲ್ಲ ಎಂದು ಅರಿಕೆಮಾಡಿಕೊಂಡರು; ಸುಮಾರು ಎರಡು ಸಾವಿರ ಮಂದಿ ದ್ಯುಬುವಾ ಅವರ ಬಳಿಗೇ ಬಂದರು; ಇಪ್ಪತ್ತು ಸಾವಿರದಷ್ಟು ಜನರು ಮಂಗಳೂರ ಕಡೆಗೆ ಹಿಂದಿರುಗಿ ಹಾಳಾಗಿದ್ದ ದೇವಾಲಯಗಳನ್ನು ತಿರುಗಿ ಕಟ್ಟಿಕೊಂಡರು. ಆದರೆ ಇದೇ ಪತ್ರದಲ್ಲಿ ಅವರು ಒಂದು ಕಠೋರವಾದ ಮಾತನ್ನೂ ಸೇರಿಸಿದ್ದಾರೆ. ಅಷ್ಟು ಸಾವಿರ ಜನರಲ್ಲಿ ಮತಕ್ಕಾಗಿ ಪ್ರಾಣವನ್ನು ಕೊಡುವ ಧೈರ್ಯವು ಒಬ್ಬರಿಗಾದರೂ ಬರಲಿಲ್ಲವಲ್ಲಾ ಎಂದು ಅವರು ನಾಚಿಕೆಪಟ್ಟಿದ್ದಾರೆ. ಅಂಥಾ ಪರೀಕ್ಷೆಯು ಮತ್ತೊಮ್ಮೆ ಬಂದರೆ ಫಲವೂ ಹಾಗೆಯೇ ಆದೀತೆಂದು ಭಯಪಟ್ಟಿದ್ದಾರೆ.

ಈ ಮಾತು ನ್ಯಾಯವಾದುದೇ? ನನಗೆ ಹಾಗೆ ತೋರುವುದಿಲ್ಲ. ಸೆರೆಯಲ್ಲಿ ಸತ್ತವರ ಮನಸ್ಸಿನಲ್ಲಿ ಏನಿದ್ದಿತೆಂಬುದನ್ನು ಉಳಿದವರ ಮುಖದಿಂದ ತಿಳಿಯಲಾಗದು. ಹದಿನೈದು ವರ್ಷಗಳ ಕಾಲ ಪಾದ್ರಿಯ ಬೆಂಬಲವಿಲ್ಲದೆ ಗುಟ್ಟಾಗಿ ಒಂದು ನಂಬಿಕೆಯನ್ನು ಕಾಪಾಡಿ, ಬಂಧನವು ಕಳೆದೊಡನೆ ಅದನ್ನು ಹೊರಗೆಡಹಿದ ಜನರ ತಾಳ್ಮೆಯನ್ನು ಧೈರ್ಯವಲ್ಲವೆಂದು ಹೇಳುವುದು ಹೇಗೆ? ಇದಲ್ಲದೆ, ಪಾದ್ರಿಗಳನ್ನು ಕೊಲ್ಲುತ್ತಿದ್ದ ದೇಶವನ್ನು ಅದೇ ವರ್ಷದಲ್ಲಿ ಬಿಟ್ಟು ಬಂದವರಿಗೆ ಇಂಥಾ ಪರೀಕ್ಷೆಯು ತಮಗೆ ಬರಲಿಲ್ಲವೆಂಬ ಅರಿವು ಇರಬೇಕಾಗಿದ್ದಿತು. ಮಿಷನಿಗೆ ಹೊರಡುವುದು ಪಲಾಯನವಲ್ಲ, ನಿಜ. ಆದರೂ ಸಿಪ್ರಿಯಾನನ ಸಂಕೋಚದ ನೆಳಲೂ ಈ ಪತ್ರದಲ್ಲಿ ಕಾಣುವುದಿಲ್ಲ. ಗಮನಿಸಬೇಕಾದ ವಿಷಯವೇನೆಂದರೆ, ಇಪ್ಪತ್ತು ವರ್ಷಗಳ ತರುವಾಯ ಬರೆದ ಈ ಮಾತಿಗಿಂತ ಆ ದಿನ ಮಾಡಿದ ಕಾರ್ಯವು ದೊಡ್ಡದು. ಲೇಖನಿಯಲ್ಲಿ ನೊವಾಷಿಯಾನನಂತೆ ಕಂಡವರು ಕಾರ್ಯದಲ್ಲಿ ಸಿಪ್ರಿಯಾನನನ್ನೇ ಅನುಸರಿಸಿದರು.

೫

ಹಿಂದಿರುಗಿದವರನ್ನು ಸಭೆಗೆ ಸೇರಿಸಿಕೊಂಡ ಮಾತ್ರಕ್ಕೆ ಪಾಲಕನ ಕೆಲಸವು ಮುಗಿಯಲಿಲ್ಲ. ಆಸ್ತಿಯೂ ನೆಲೆಯೂ ಇಲ್ಲದ ಜನರು ಎಲ್ಲಿ ಬಾಳಬೇಕು, ಏನನ್ನು ತಿನ್ನಬೇಕು? ದ್ಯುಬುವಾ ಅವರು ಇಂಥಾ ಜನರಿಗಾಗಿ ಬೇಸಾಯದ ಊರುಗಳನ್ನು ಏರ್ಪಡಿಸಿದರು. ಅವುಗಳಲ್ಲಿ ಮುಖ್ಯವಾದುದು ಹಾಸನದ ಬಳಿಯ ಸಾತಳ್ಳಿ. ಬೇಸಾಯವು ಕೈಗೂಡಿದ ಹಳ್ಳಿಯಲ್ಲಿ ಜನರು ಒಂದೆಡೆ ನಿಲ್ಲುತ್ತಾರೆ. ನಿಂತಲ್ಲಿ ದೇವಾಲಯವೂ ಪಾಠವೂ ಸಾಧ್ಯವಾಗುತ್ತವೆ. ಪಾದ್ರಿಯು ಬೇರೆ ಕಡೆಗೆ ಹೋದಾಗಲೂ ಉಪದೇಶಿಯೊಬ್ಬನು ಪ್ರಾರ್ಥನೆಯನ್ನು ನಡಸಬಲ್ಲನು. ಚೆದರಿದವರನ್ನು ಸಭೆಯಾಗಿ ಮಾಡುವುದಕ್ಕೆ ಬೋಧನೆಗಿಂತ ಮೊದಲು ಭೂಮಿಯು ಬೇಕೆಂಬುದನ್ನು ಅವರು ಅರಿತಿದ್ದರು.

ಅವರ ಎರಡನೆಯ ಲೋಕೋಪಕಾರವು ಸಿಡುಬಿಗೆ ದಾಕು ಹಾಕುವ ಪದ್ಧತಿಯನ್ನು ಈ ಸೀಮೆಯಲ್ಲಿ ಹರಡಿದುದು. ಜೆನ್ನರನ ಪುಸ್ತಕವು ಪ್ರಕಟವಾದುದು ೧೭೯೮ರಲ್ಲಿ. ಗೋಸಿಡುಬಿನ ರಸವು ಮುಂಬಯಿಗೆ ಮುಟ್ಟಿದುದು ೧೮೦೨ರ ಜೂನ್ ತಿಂಗಳಲ್ಲಿ. ಅಲ್ಲಿಂದ ಒಂದೆರಡು ವರ್ಷಗಳೊಳಗಾಗಿಯೇ, ೧೮೦೩-೦೪ರಲ್ಲಿ, ದ್ಯುಬುವಾ ಅವರ ಉದ್ಯೋಗದಿಂದ ೨೫,೪೩೨ ಜನರಿಗೆ ದಾಕು ಹಾಕಲ್ಪಟ್ಟಿತೆಂದು ಸರಕಾರೀ ಲೆಕ್ಕವುಂಟು. ಆ ಕಾಲದಲ್ಲಿ ರಸವನ್ನು ಶೇಖರಿಸಿಡುವ ಉಪಾಯವು ಚೆನ್ನಾಗಿ ತಿಳಿದಿರಲಿಲ್ಲ. ಒಬ್ಬನ ತೋಳಿನಲ್ಲಿ ಎದ್ದ ಬೊಕ್ಕೆಯಿಂದ ಸುಮಾರು ಎಂಟನೆಯ ದಿನ ರಸವನ್ನು ತೆಗೆದು ಮತ್ತೊಬ್ಬನ ತೋಳಿಗೆ ಹಾಕಬೇಕಾಗಿದ್ದಿತು. ಎಂದ ಮೇಲೆ ದಾಕು ಹಾಕಿಸಿಕೊಂಡ ಮಗುವನ್ನು ತಾಯಿಯು ವಾರದ ಮೇಲೆ ತಿರುಗಿ ಕರೆತರಬೇಕು. ಒಂದು ಜಾತಿಯ ಮಗುವಿನ ಮೈಯ ರಸವು ಬೇರೆ ಜಾತಿಯ ಮಗುವಿನ ಮೈಗೆ ಹೋಗುವುದನ್ನು ಜನರು ಸಹಿಸಬೇಕು. ಸಿಡುಬನ್ನು ಅಮ್ಮನ ಪ್ರಸಾದವೆಂದು ಭಯಭಕ್ತಿಗಳಿಂದ ಕಾಣುವ ಹಳ್ಳಿಯವರು ಪರದೇಶದ ಪಾದ್ರಿಯ ಮಾತನ್ನು ನಂಬಬೇಕು. ಇಪ್ಪತ್ತೈದು ಸಾವಿರವೆಂಬ ಸಂಖ್ಯೆಯ ಹಿಂದೆ ಇರುವುದು ಈ ನಂಬಿಕೆ. ಅವರ ಸಭೆಗೆ ಸೇರಿದವರ ಸಂಖ್ಯೆಗಿಂತ ಇದು ಎಷ್ಟೋ ಪಾಲು ಹೆಚ್ಚು.

ಇಂಥಾ ನಂಬಿಕೆಯು ಹೇಗೆ ಬಂದಿತು? ಅವರು ಯೂರೋಪಿಯನರ ಸಹವಾಸವನ್ನು ಬಿಟ್ಟು, ದೇಶೀಯರ ನಿಲುವಂಗಿಯನ್ನೂ ರುಮಾಲನ್ನೂ ಧರಿಸಿ, ದೇಶೀಯರ ಆಹಾರವನ್ನೇ ಉಂಡು, ಅವರ ಮರ್ಯಾದೆಗಳನ್ನು ಅನುಸರಿಸಿ ಬಾಳಿದರು. ಈ ದಾರಿಯನ್ನು ಎರಡು ಶತಮಾನಗಳ ಹಿಂದೆಯೇ ಮಧುರೆಯಲ್ಲಿ ರೊಬೆರ್ಟೊ ದೆ ನೊಬಿಲಿಯು ತೋರಿಸಿದ್ದನು. ೧೭೪೪ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಇಂಥಾ ಅನುಸರಣೆಗಳಲ್ಲಿ ಅನೇಕವನ್ನು ಬಿಗಿಯಾಗಿ ಕಟ್ಟುಮಾಡಿದ್ದರು. ಆ ಕಟ್ಟಿನೊಳಗೆ ಇದ್ದುಕೊಂಡೇ ಜನರ ಮನಸ್ಸನ್ನು ಗೆದ್ದುದು ದ್ಯುಬುವಾ ಅವರ ವಿಶೇಷವು.

೬

ಈಗ ಗ್ರಂಥದ ವಿಷಯವನ್ನು ಸಂಕ್ಷೇಪವಾಗಿ ಹೇಳಬೇಕು. ಮೈಸೂರಿನ ಇಂಗ್ಲಿಷ್ ರೆಸಿಡೆಂಟನೂ ಮೈಸೂರು ಚರಿತ್ರೆಯ ಕರ್ತನೂ ಆದ ಮಾರ್ಕ್ ವಿಲ್ಕ್ಸನು ಫ್ರೆಂಚ್ ಹಸ್ತಪ್ರತಿಯನ್ನು ಮೆಚ್ಚಿ ಶಿಫಾರಸುಮಾಡಿದನು. ೧೮೦೭ರಲ್ಲಿ ಮದರಾಸಿನ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕನು ಅದನ್ನು ಕಂಪೆನಿಗಾಗಿ ಎಂಟು ಸಾವಿರ ರೂಪಾಯಿಗಳಷ್ಟು ಬೆಲೆಗೆ ಕೊಂಡನು. ಇಂಗ್ಲಿಷ್ ಭಾಷಾಂತರವು ೧೮೧೬ರಲ್ಲಿ ಅಚ್ಚಾಯಿತು. ತಿದ್ದಿದ ಪ್ರತಿಯನ್ನು ೧೮೯೭ರಲ್ಲಿ ಬೋಚಂಪನು ಪ್ರಕಟಿಸಿದನು. ಇದು ಪೂರ್ತಿಯಾಗಿ ಪಾದ್ರಿಗಳು ಕಣ್ಣಾರೆ ಕಂಡುದರ ವರ್ಣನೆಯೆಂದು ಬಹುಕಾಲ ಎಲ್ಲರೂ ನಂಬಿದ್ದರು. ಆದರೆ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿಯು ೧೯೮೭ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಸ್ಥಿತಿಯು ಬದಲಾಗಿದೆ. ಗ್ರಂಥದ ಬಹುಭಾಗಕ್ಕೆ ಮೂಲವು ೧೭೭೯ರಲ್ಲಿ ಪುದುಚೇರಿಯಲ್ಲಿ ತೀರಿಕೊಂಡ ಜೆಸೂಯಿಟ್ ಪಂಡಿತ ಕರ್ದೂ ಅವರ ಬರಹವೆಂದು ಅವರು ತೋರಿಸಿದ್ದಾರೆ. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ಇರುವ ನಂಟನ್ನು ೧೭೬೭ರಲ್ಲಿಯೇ ಬರೆದು ತಿಳಿಸಿದ ವಿದ್ವಾಂಸರು ಇವರೇ.

ಇದರ ಫಲವೇನು? ಮೊದಲನೆಯದಾಗಿ, ೧೮೦೦ರ ಸುಮಾರಿನ ಮೈಸೂರು ಸಮಾಜಕ್ಕೆ ಈ ಗ್ರಂಥವನ್ನು ಸಾಕ್ಷಿಯಾಗಿ ಉದಾಹರಿಸುವವರು ಎಚ್ಚರಿಕೆಯಿಂದಿರಬೇಕು. ಅದರಲ್ಲಿ ಎಷ್ಟೋ ಸಂಗತಿಗಳು ಅರ್ಧ ಶತಮಾನದಷ್ಟು ಹಿಂದಿನವು, ಬೇರೆ ಸೀಮೆಯವು. ಎರಡನೆಯದಾಗಿ, ಮೂಲಕರ್ತರ ಹೆಸರನ್ನು ಹೇಳದ ದೋಷವು ದ್ಯುಬುವಾ ಅವರ ಮೇಲೆ ನಿಲ್ಲುತ್ತದೆ; ಅದನ್ನು ಮುಚ್ಚುವುದು ವಿಮರ್ಶೆಯ ಧರ್ಮವಲ್ಲ. ಮೂರನೆಯದಾಗಿ, ಅವರ ಕೀರ್ತಿಯನ್ನು ಇನ್ನು ಮುಂದೆ ಪುಸ್ತಕದ ಮೇಲೆ ಅಲ್ಲದೆ ಪಾಲಕತ್ವದ ಮೇಲೆ ನಿಲ್ಲಿಸುವುದೇ ನ್ಯಾಯವಾಗಿ ತೋರುತ್ತದೆ. ಸಾತಳ್ಳಿಯ ಹೊಲಗಳನ್ನು ಅವರು ಯಾರಿಂದಲೂ ನಕಲು ಮಾಡಲಿಲ್ಲ.

೭

೧೮೨೩ನೆಯ ಇಸವಿ ಜನವರಿಯಲ್ಲಿ, ಕಂಪೆನಿಯು ಕೊಟ್ಟ ವಿಶ್ರಾಂತಿವೇತನವನ್ನು ಪಡೆದು, ದ್ಯುಬುವಾ ಅವರು ಈ ದೇಶವನ್ನು ಬಿಟ್ಟರು. ಪೂರ್ವೋಕ್ತವಾದ ಪತ್ರಗಳು ಅದೇ ವರ್ಷ ಪ್ರಕಟವಾದುವು. ಹಿಂದೂ ಜನಾಂಗವನ್ನು ಕ್ರೈಸ್ತಮತಕ್ಕೆ ತಿರುಗಿಸುವುದು ಮನುಷ್ಯಪ್ರಯತ್ನದಿಂದ ಸಾಧ್ಯವಿಲ್ಲವೆಂಬುದು ಅವುಗಳ ಸಾರಾಂಶ. ಇಪ್ಪತ್ತೈದು ವರ್ಷಗಳ ಶ್ರಮದಲ್ಲಿ ತಾವು ಸೇರಿಸಿದ ಹೊಸಬರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದೂ, ಅವರಲ್ಲಿಯೂ ಬಹುಮಂದಿ ಲೌಕಿಕವಾದ ಕಾರಣಗಳಿಂದ ಬಂದವರೆಂದೂ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಪ್ರಾಟೆಸ್ಟೆಂಟರ ಬೈಬಲ್ ಭಾಷಾಂತರಗಳನ್ನೂ, ಅವುಗಳೊಡನೆ ಕನ್ನಡದ ಭಾಷಾಂತರವನ್ನೂ, ತೀಕ್ಷ್ಣವಾಗಿ ಟೀಕಿಸಿದರು. ಮರುವರ್ಷವೇ ಹೌ, ಟೌನ್ಲೆ ಎಂಬ ಪಾದ್ರಿಗಳು ಇದಕ್ಕೆ ಪ್ರತ್ಯುತ್ತರಗಳನ್ನು ಬರೆದರು.

ಈ ವಾದದಲ್ಲಿ ಯಾರು ಗೆದ್ದರೆಂಬುದು ಪ್ರಕೃತವಲ್ಲ. ದ್ಯುಬುವಾ ಅವರು ತಮ್ಮ ಜೀವಮಾನದ ಕೆಲಸವು ನಿಷ್ಫಲವಾಯಿತೆಂದು ಅಳೆದುದು ಯಾವ ಕೊಳಗದಿಂದ? ಹೊಸದಾಗಿ ಸೇರಿದವರ ಸಂಖ್ಯೆಯ ಕೊಳಗದಿಂದ. ಅದು ಮಿಷನರಿಯ ಅಳತೆ, ವಿಚಾರಣಾಗುರುವಿನ ಅಳತೆಯಲ್ಲ. ಸಭಾಪಾಲಕನಾದವನು ತನಗೆ ಒಪ್ಪಿಸಿದವರಲ್ಲಿ ಎಷ್ಟು ಮಂದಿಯನ್ನು ಕಳೆದುಕೊಳ್ಳದೆ ಉಳಿಸಿದನು ಎಂದು ಕೇಳಬೇಕು. ಹಾಗೆ ಕೇಳಿದರೆ, ಹದಿನೈದು ವರ್ಷ ಹೆಸರಿಲ್ಲದೆ ಇದ್ದ ಎರಡು ಸಾವಿರ ಜನರಿಗೆ ಅವರ ಹೆಸರನ್ನು ಹಿಂದಕ್ಕೆ ಕೊಟ್ಟವರು, ಊರಿಲ್ಲದವರಿಗೆ ಊರನ್ನು ಮಾಡಿದವರು, ಮತಭೇದವನ್ನು ನೋಡದೆ ಮಕ್ಕಳನ್ನು ಸಿಡುಬಿನಿಂದ ಉಳಿಸಿದವರು, ಸೋತವರಲ್ಲ. ತಮ್ಮ ಮಂದೆಯ ಧೈರ್ಯವನ್ನು ಕಡಮೆಯಾಗಿ ಎಣಿಸಿದ ಲೇಖನಿಯೇ ತಮ್ಮ ಸ್ವಂತ ಕೆಲಸವನ್ನೂ ಕಡಮೆಯಾಗಿ ಎಣಿಸಿತು.

ಪ್ಯಾರಿಸಿಗೆ ಹಿಂದಿರುಗಿದ ಮೇಲೆ ಅವರು ತಮ್ಮ ಸಂಘದ ಗುರುಮಠದಲ್ಲಿ ನಿರ್ದೇಶಕರಾಗಿ, ೧೮೩೬ರಿಂದ ೧೮೩೯ರ ವರೆಗೆ ಮುಖ್ಯಸ್ಥರಾಗಿ ಇದ್ದು, ೧೮೪೮ನೆಯ ಇಸವಿ ಫೆಬ್ರವರಿ ೧೭ರಲ್ಲಿ ಕಾಲವಾದರು. ೧೮೨೬ರಲ್ಲಿ ಅವರು ಪ್ರಕಟಿಸಿದ ಪಂಚತಂತ್ರದ ಫ್ರೆಂಚ್ ಭಾಷಾಂತರಕ್ಕೆ ತಮಿಳು ತೆಲುಗು ಪ್ರತಿಗಳೊಡನೆ ಒಂದು ಕನ್ನಡ ಪ್ರತಿಯೂ ಆಧಾರವಾಗಿದ್ದಿತೆಂಬುದನ್ನು ನಮ್ಮ ಸಾಹಿತ್ಯಾಭ್ಯಾಸಿಗಳು ನೆನಪಿನಲ್ಲಿಡಬೇಕು. ೧೮೫೦ರಲ್ಲಿ ಮೈಸೂರು ಪ್ರತ್ಯೇಕವಾದ ಮಿಷನ್ ಪ್ರಾಂತವಾಯಿತು. ಸಾತಳ್ಳಿಯು ಈಗ ಚಿಕ್ಕಮಗಳೂರು ಧರ್ಮಪ್ರಾಂತದ ವ್ಯಾಪ್ತಿಯಲ್ಲಿದೆ. ಶ್ರೀರಂಗಪಟ್ಟಣದಲ್ಲಿ ಅವರ ಹೆಸರಿನಿಂದಲೇ ಕರೆಯಲ್ಪಡುವ ಚಿಕ್ಕ ದೇವಾಲಯವು ಇಂದಿಗೂ ಉಂಟು. ಕೋಟೆಯನ್ನೂ ಅರಮನೆಯ ನಿವೇಶನವನ್ನೂ ನೋಡಲು ಬರುವ ಯಾತ್ರಿಕರು ಹೆಚ್ಚಾಗಿ ಅದನ್ನು ನೋಡದೆ ಹೋಗುತ್ತಾರೆ. ೧೭೯೯ರಲ್ಲಿ ಯುದ್ಧವು ಮುಗಿದ ಊರಿನಲ್ಲಿ, ಗೆದ್ದವರು ಕೊಳ್ಳೆಯನ್ನು ಲೆಕ್ಕಮಾಡುತ್ತಿದ್ದಾಗ ಮನುಷ್ಯರನ್ನು ಲೆಕ್ಕಮಾಡಲು ಬಂದವರೊಬ್ಬರಿದ್ದರೆಂಬುದಕ್ಕೆ ಆ ಕಟ್ಟಡವು ಗುರುತಾಗಿ ನಿಂತಿದೆ.